ಡಬ್ಬಿಯಲ್ಲಿ ಬಂದ ತವರು: ಹೊರನಾಡಿನ ಬ್ರಿಟಿಷರು ಮತ್ತು ಅವರ ಊಟ



ವಲಸೆ ಎಂದೊಡನೆ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನೆನಪಾಗುತ್ತಾರೆ. ಉಳ್ಳ ದೇಶವೊಂದರಿಂದ ಹೊರಟು ಇನ್ನೊಂದು ದೇಶದಲ್ಲಿ ಮನೆ ಮಾಡಿದವರನ್ನು ವಲಸಿಗರೆಂದು ಕರೆಯಲು ಅವರಿಗೂ ಸಂಕೋಚ, ನಮಗೂ ಸಂಕೋಚ. ಆದರೆ ಬ್ರಿಟಿಷರಷ್ಟು ದೂರ, ಅಷ್ಟು ಕಡೆಗೆ ಹೋಗಿ ನೆಲೆಸಿದವರು ಜಗತ್ತಿನಲ್ಲಿ ಕಡಿಮೆ. ಕೆಲವರು ಆಳಲು ಹೋದರು, ಕೆಲವರು ದುಡಿಯಲು ಹೋದರು. ಈಗಿನವರಲ್ಲಿ ಬಹಳಷ್ಟು ಮಂದಿ ಮುಪ್ಪಿನ ಕಾಲವನ್ನು ಬಿಸಿಲು ಬೀಳುವ ಊರಿನಲ್ಲಿ ಕಳೆಯಲು ಹೋಗುತ್ತಾರೆ. ಸ್ಪೇನ್ ದೇಶವೊಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಪ್ರಜೆಗಳು ಅಧಿಕೃತವಾಗಿ ವಾಸವಾಗಿದ್ದಾರೆ. ಇಂಥವರು ಹೊಸ ನೆಲಕ್ಕೆ ಹೊಂದಿಕೊಳ್ಳುವ ಬಗೆ, ಹೊಂದಿಕೊಂಡ ಮೇಲೂ ಬಿಡದೆ ಕಾಡುವ ತವರಿನ ಊಟದ ಹಂಬಲ, ಇವೆರಡೂ ಇಂದಿನ ನನ್ನ ವಿಷಯ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟಿಷರ ತವರಿನ ರುಚಿ ಬಹುಮಟ್ಟಿಗೆ ಕಾರ್ಖಾನೆಯ ರುಚಿ. ಆದ್ದರಿಂದ ಅವರ ಹಂಬಲ ತೀರುವುದು ಅಂಗಡಿಯಿಂದ, ಹಡಗಿನಿಂದ, ಸುಂಕದ ಕಟ್ಟೆಯ ಕೃಪೆಯಿಂದ. ಆ ಹಂಬಲ ಅಂಗಡಿಯನ್ನು ಬಿಟ್ಟು ಕೈಗೆ ಇಳಿದಾಗ ಮಾತ್ರ ಅದು ಹೊಸ ನೆಲದಲ್ಲಿ ಬೇರು ಬಿಟ್ಟಿದೆ. ಇದನ್ನು ನಾಲ್ಕು ಹಂತಗಳಲ್ಲಿ ವಿವರಿಸುತ್ತೇನೆ. ಅವರು ನೆನೆಯುವ ತಿನಿಸುಗಳು ಯಾವುವು, ಆ ತಿನಿಸುಗಳು ಗಡಿ ದಾಟುವಾಗ ಆಗುವುದೇನು, ಹಂಬಲ ಬೇರು ಬಿಟ್ಟ ಊರುಗಳು ಯಾವುವು, ಕೊನೆಯಲ್ಲಿ ನಮ್ಮ ಕರ್ನಾಟಕದ ಬಂಗಲೆಗಳ ಅಡುಗೆಮನೆ.

ಮೊದಲನೆಯ ವಿಷಯಕ್ಕೆ ಬರೋಣ. ಹೊರನಾಡಿನ ಬ್ರಿಟಿಷರು ನೆನೆಯುವ ತಿನಿಸುಗಳ ಪಟ್ಟಿ ಎಲ್ಲಿ ಹೋದರೂ ಹೆಚ್ಚು ಬದಲಾಗುವುದಿಲ್ಲ. ಮಾರ್ಮೈಟ್, ಎಚ್‌ಪಿ ಸಾಸ್, ಟೊಮೆಟೊ ರಸದಲ್ಲಿ ನೆನೆದ ಹೈಂಜ್ ಬೇಕ್ಡ್ ಬೀನ್ಸ್, ಬ್ರಾನ್‌ಸ್ಟನ್ ಉಪ್ಪಿನಕಾಯಿ, ಕ್ಯಾಡ್‌ಬರಿ ಚಾಕೊಲೇಟ್, ಕಡಕ್ ಚಹಾದ ಪುಟ್ಟ ಚೀಲಗಳು. ಇವುಗಳ ಜೊತೆಗೆ ಹಂದಿಯ ಸೊಂಟದ ಭಾಗದಿಂದ ಕೊಯ್ದ ಬೇಕನ್, ಒಣ ರೊಟ್ಟಿಪುಡಿ ಬೆರೆಸಿದ ಸಾಸೇಜ್, ಚೆಡ್ಡರ್ ಗಿಣ್ಣು. ಅಜ್ಜಿಯ ಕೈಯ ಅಡುಗೆ ಈ ಪಟ್ಟಿಯಲ್ಲಿ ಇಲ್ಲವೆಂದಲ್ಲ. ಭಾನುವಾರದ ರೋಸ್ಟ್ ಇದೆ, ಕ್ರಿಸ್‌ಮಸ್ ಪುಡ್ಡಿಂಗ್ ಇದೆ. ಆದರೂ ಪಟ್ಟಿಯ ತಲೆಯಲ್ಲಿ ನಿಲ್ಲುವುದು ಲೇಬಲ್ ಅಂಟಿಸಿದ ಸೀಸೆ ಮತ್ತು ಡಬ್ಬಿಗಳೇ.

ಅದಕ್ಕೆ ಕಾರಣ ಅವರ ಇತಿಹಾಸದಲ್ಲಿದೆ. 1851ರ ಜನಗಣತಿಯ ಹೊತ್ತಿಗೆ ಬ್ರಿಟನ್ನಿನಲ್ಲಿ ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಹೆಚ್ಚು ಜನ ವಾಸವಾಗಿದ್ದರು. ಅಷ್ಟು ಬೇಗ ಹೊಲ, ಹಟ್ಟಿ, ಹಿತ್ತಿಲು ಮೂರನ್ನೂ ಕಳೆದುಕೊಂಡ ದೊಡ್ಡ ದೇಶ ಬೇರೆ ಇರಲಿಲ್ಲ. ಗಿರಣಿಯಲ್ಲಿ ಹಗಲೆಲ್ಲ ದುಡಿದು ಬಂದ ತಾಯಿಗೆ ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲಲು ಸಮಯವೂ ಇಲ್ಲ, ಉರುವಲಿಗೆ ಕಾಸೂ ಇಲ್ಲ. ಕೊಂಡು ತಂದ ರೊಟ್ಟಿ, ಸಕ್ಕರೆ ಹಾಕಿದ ಚಹಾ, ಅದರ ಮೇಲೊಂದಿಷ್ಟು ರುಚಿ ಕೊಡುವ ಯಾವುದಾದರೂ ಪದಾರ್ಥ: ಇದೇ ಅವರ ಊಟವಾಯಿತು. ಆ ರುಚಿಯನ್ನು ಒದಗಿಸಲು ಕಾರ್ಖಾನೆಗಳು ಮುಂದೆ ಬಂದವು. ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ತಯಾರಿಸಿದ್ದು 1837ರಲ್ಲಿ. ಮೊಟ್ಟೆ ಅವನ ಹೆಂಡತಿಯ ಮೈಗೆ ಒಗ್ಗುತ್ತಿರಲಿಲ್ಲ. ವೂಸ್ಟರ್ ಪಟ್ಟಣದ ಲೀ ಮತ್ತು ಪೆರಿನ್ಸ್ ತಮ್ಮ ಸಾಸನ್ನು ಮಾರುಕಟ್ಟೆಗೆ ತಂದದ್ದೂ ಅದೇ ವರ್ಷ. ಬರ್ಟನ್ ಊರಿನ ಬಿಯರ್ ಭಟ್ಟಿಗಳಲ್ಲಿ ಉಳಿಯುತ್ತಿದ್ದ ಯೀಸ್ಟಿನ ಚರಟದಿಂದ 1902ರಲ್ಲಿ ಮಾರ್ಮೈಟ್ ಹುಟ್ಟಿತು. ನೋಡಲು ಕಾಕಂಬಿ, ಬಾಯಿಗೆ ಬರೀ ಉಪ್ಪು. ಎಳವೆಯಲ್ಲಿ ರೂಢಿಯಾಗದವರು ಅದನ್ನು ಎರಡನೆಯ ಸಲ ಮುಟ್ಟುವುದು ಕಷ್ಟ. ಮುಟ್ಟಿ ಬೆಳೆದವರಿಗೆ ಮಾತ್ರ ಅದೇ ಬಾಲ್ಯ.

ಇಲ್ಲಿ ಒಂದು ಮಾತು ಸೇರಿಸಬೇಕು. ಮಾರ್ಮೈಟಿಗೂ ಭಾರತಕ್ಕೂ ನಾವು ಗೌರವದಿಂದ ನೆನೆಯಬೇಕಾದ ಸಂಬಂಧವಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದು, ಬಟ್ಟೆಗಿರಣಿಗಳ ಬಸುರಿ ಹೆಂಗಸರನ್ನು ಕಾಡುತ್ತಿದ್ದ ಮಾರಕ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಬಡವರ ಬಟ್ಟಲಿಗೆ ಎಟುಕುವ ಈ ಅಗ್ಗದ ಯೀಸ್ಟ್ ಸಾರದಿಂದ ಆ ಹೆಂಗಸರು ಚೇತರಿಸಿಕೊಳ್ಳುವುದನ್ನು ಕಂಡು 1931ರಲ್ಲಿ ಅದನ್ನು ಪ್ರಕಟಿಸಿದರು. ಇಂದು ಪ್ರತಿ ಗರ್ಭಿಣಿಗೂ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಹಿಂದೆ ಆ ಕೆಲಸವಿದೆ.

ಈ ಡಬ್ಬಿಗಳ ಊರು ಯಾವುದು ಎಂದು ಹುಡುಕಹೊರಟರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಬೇಕ್ಡ್ ಬೀನ್ಸ್ ಅಮೆರಿಕದ ಕಂಪನಿಯ ಸರಕು. 1886ರಲ್ಲಿ ಲಂಡನ್ನಿನ ಫೋರ್ಟ್‌ನಮ್ ಆ್ಯಂಡ್ ಮೇಸನ್ ಎಂಬ ದುಬಾರಿ ಅಂಗಡಿಯಲ್ಲಿ ಅದು ಸಿರಿವಂತರ ತಿನಿಸಾಗಿ ಕಾಲಿಟ್ಟಿತು. ಎಚ್‌ಪಿ ಸಾಸಿನ ಸೀಸೆಯ ಮೇಲೆ ಬ್ರಿಟಿಷ್ ಪಾರ್ಲಿಮೆಂಟಿನ ಚಿತ್ರವಿದೆ. ಒಳಗಿರುವ ಹುಳಿಯಲ್ಲಿ ನಮ್ಮ ಹುಣಸೆಯೂ ಸೇರಿದೆ. 2007ರಿಂದ ಆ ಸಾಸ್ ತಯಾರಾಗುತ್ತಿರುವುದು ನೆದರ್‌ಲ್ಯಾಂಡ್ಸಿನಲ್ಲಿ. ಬ್ರಿಟಿಷರ ಗುರುತೇ ಆಗಿರುವ ಕರಿದ ಮೀನಿನ ವಿದ್ಯೆಯೂ ಸ್ಪೇನ್ ಮತ್ತು ಪೋರ್ಚುಗಲ್ಲಿನಿಂದ ಹೊರದಬ್ಬಿಸಿಕೊಂಡ ಯಹೂದಿಗಳ ಜೊತೆ ಲಂಡನ್ ತಲುಪಿತೆಂದು ಆಹಾರದ ಇತಿಹಾಸಕಾರರು ಹೇಳುತ್ತಾರೆ. ಇಂದು ಸ್ಪೇನಿನ ಕಡಲತೀರದಲ್ಲಿ ಕುಳಿತು ಬ್ರಿಟಿಷ್ ಮುದುಕರೊಬ್ಬರು ತವರಿನ ನೆನಪಿನಲ್ಲಿ ಮೀನು ಮತ್ತು ಚಿಪ್ಸ್ ತಿನ್ನುವಾಗ ಆ ಮೀನು ತನ್ನ ಹಳೆಯ ಮನೆಗೆ ಮರಳಿದೆ. ಇದರಿಂದ ಅವರ ಹಂಬಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಹುಟ್ಟು ಎಲ್ಲಿಯದಾದರೂ ಉಂಡು ಬೆಳೆದದ್ದೇ ತವರಿನ ಊಟ.

ಆದರೆ ನಮ್ಮವರ ಹಂಬಲಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದ ಮನೆಯವರು ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ, ಕೊತ್ತಂಬರಿ ಬೀಜ ಸಿಕ್ಕರೆ ಸಾರು ಮಾಡಿಕೊಳ್ಳುತ್ತಾರೆ. ತವರನ್ನು ಅವರು ಕೈಯಲ್ಲೇ ಕೊಂಡೊಯ್ದಿದ್ದಾರೆ. ಮಾರ್ಮೈಟನ್ನು ಯಾರೂ ಮನೆಯಲ್ಲಿ ಮಾಡಲಾರರು. ಅದು ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ.

ಇನ್ನು ಎರಡನೆಯ ವಿಷಯ, ಗಡಿ. ಸ್ಪೇನಿನ ಪೂರ್ವ ಕರಾವಳಿಯ ಕೋಸ್ಟಾ ಬ್ಲಾಂಕಾ, ದಕ್ಷಿಣದ ಕೋಸ್ಟಾ ಡೆಲ್ ಸೋಲ್, ಫ್ರಾನ್ಸಿನ ದೊರ್ದೋಞ್ ಪ್ರಾಂತ್ಯ, ಇವು ಬ್ರಿಟಿಷರು ಗುಂಪಾಗಿ ನೆಲೆಸಿರುವ ಜಾಗಗಳು. ಹೊಂದಿಕೊಳ್ಳುವ ಕಷ್ಟ ಇಲ್ಲಿ ಶುರುವಾಗುವುದು ಗಡಿಯಾರದಿಂದ. ಸ್ಪೇನಿನವರು ಮಧ್ಯಾಹ್ನ ಎರಡು ಮೂರು ಗಂಟೆಗೆ ದೊಡ್ಡ ಊಟ ಮಾಡಿ ರಾತ್ರಿ ಒಂಬತ್ತರ ಮೇಲೆ ಮತ್ತೆ ಮೇಜಿಗೆ ಬರುತ್ತಾರೆ. ಸಂಜೆ ಆರಕ್ಕೆಲ್ಲ ಉಂಡು ರೂಢಿಯಿರುವ ಇಂಗ್ಲಿಷರಿಗೆ ಆ ಹೊತ್ತಿಗೆ ಹಸಿವು, ಊರಿನ ಹೋಟೆಲುಗಳಿಗೆ ಆ ಹೊತ್ತಿಗೆ ಬೀಗ. ಅಂಗಡಿಯಲ್ಲಿ ಸಿಗುವ ಹಾಲು ಹೆಚ್ಚಾಗಿ ಅತಿಯಾಗಿ ಕಾಯಿಸಿ ಪೊಟ್ಟಣ ಕಟ್ಟಿದ್ದು. ಕಾಫಿಗೆ ಸರಿ, ಇಂಗ್ಲಿಷ್ ಚಹಾಕ್ಕೆ ಅದರ ವಾಸನೆ ಹೊಂದುವುದಿಲ್ಲ. ಅಲ್ಲಿಯ ಕಟುಕರು ಹಂದಿಯನ್ನು ಬೇರೆ ರೀತಿ ಕೊಯ್ಯುವುದರಿಂದ ಬೇಕನ್ ಕೇಳಿದರೆ ಹೊಟ್ಟೆಯ ಕೊಬ್ಬಿನ ಭಾಗ ಸಿಗುತ್ತದೆ. ಸಾಸೇಜಿನಲ್ಲಿ ರೊಟ್ಟಿಪುಡಿ ಇಲ್ಲ, ಪೂರಾ ಮಾಂಸ. ಗುಣದಲ್ಲಿ ಅದು ಮೇಲಾಗಿರಬಹುದು. ನಾಲಗೆ ಗುಣವನ್ನು ತೂಗುವುದಿಲ್ಲ, ಗುರುತನ್ನು ಕೇಳುತ್ತದೆ.

ಈ ಕೊರತೆ ತುಂಬಲು ಇಂಗ್ಲಿಷ್ ದಿನಸಿ ಅಂಗಡಿಗಳು ಹುಟ್ಟಿಕೊಂಡವು. ಬೆನಿದೋರ್ಮ್ ಊರಿನ ಬೀದಿಗಳಲ್ಲಿ ದಿನವಿಡೀ ಇಂಗ್ಲಿಷ್ ಬೆಳಗಿನ ತಿಂಡಿ ಬಡಿಸುವ ಕೆಫೆಗಳು ಸಾಲಾಗಿ ನಿಂತವು. ಇವುಗಳನ್ನು ತೋರಿಸಿ, ಬ್ರಿಟಿಷರು ಎಲ್ಲಿ ಹೋದರೂ ಬೆರೆಯುವುದಿಲ್ಲ ಎಂದು ಟೀಕಿಸುವವರು ಅವರ ನಾಡಿನಲ್ಲೇ ಇದ್ದಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಹಳ್ಳಿಗಳನ್ನು ನೋಡಿ. ಬ್ರೆಕ್ಸಿಟ್ ಆಗುವವರೆಗೆ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ತೊರೆಯುವವರೆಗೆ, ಅಲ್ಲಿನ ಪಂಚಾಯಿತಿಗಳಲ್ಲಿ ಊರಿನವರೇ ಮತ ಹಾಕಿ ಆರಿಸಿದ ಬ್ರಿಟಿಷ್ ಸದಸ್ಯರು ಏಳುನೂರಕ್ಕೂ ಹೆಚ್ಚು ಇದ್ದರು. ರಸ್ತೆ, ಶಾಲೆ, ಚರಂಡಿಯ ಜವಾಬ್ದಾರಿಯನ್ನು ನೆರೆಯವರು ಒಪ್ಪಿಸಿದ್ದರು ಎಂದಾದರೆ ಅವರು ಬೆರೆತಿರಲಿಲ್ಲ ಎಂದು ಹೇಳುವುದು ಹೇಗೆ? ಅದೇ ಜನರ ಅಡುಗೆಮನೆಯ ಕಪಾಟಿನಲ್ಲಿ ಮಾರ್ಮೈಟ್ ಸೀಸೆಯೂ ಇದ್ದಿರಬಹುದು. ಎರಡಕ್ಕೂ ವಿರೋಧವಿಲ್ಲ. 2020ರ ಮಾರ್ಚಿನ ಚುನಾವಣೆಗೆ ಅವರು ನಿಲ್ಲುವಂತಿರಲಿಲ್ಲ. ಅವರನ್ನು ಹೊರಗಿಟ್ಟದ್ದು ಊರಿನವರ ಮನಸ್ಸಲ್ಲ, ಕಾನೂನು.

ಊಟದ ಮೇಲೂ ಕಾನೂನಿನ ಕೈ ಹಾಗೆಯೇ ಬಿತ್ತು. 2021ರ ಜನವರಿ 1ರಿಂದ ಗ್ರೇಟ್ ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಹೋಗುವ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ಅಂಚೆಯಲ್ಲಿ ಕಳಿಸುವಂತೆಯೂ ಇಲ್ಲ. ದನಕರುಗಳ ರೋಗ ಗಡಿ ದಾಟಬಾರದೆಂಬುದು ಇದರ ಉದ್ದೇಶ. ಆ ತಿಂಗಳೇ ನೆದರ್‌ಲ್ಯಾಂಡ್ಸಿನ ಬಂದರಿನಲ್ಲಿ ಅಧಿಕಾರಿಗಳು ಲಾರಿ ಚಾಲಕರ ಬುತ್ತಿಯ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಕಿತ್ತಿಟ್ಟುಕೊಂಡ ದೃಶ್ಯ ದೂರದರ್ಶನದಲ್ಲಿ ಪ್ರಸಾರವಾಯಿತು. ಅಮ್ಮ ಕಳಿಸಿದ ಚೆಡ್ಡರ್, ಮಗ ಚೀಲದಲ್ಲಿ ತಂದ ಸಾಸೇಜ್, ಎಲ್ಲವೂ ಒಂದೇ ರಾತ್ರಿಯಲ್ಲಿ ನಿಷಿದ್ಧ ವಸ್ತುಗಳಾದವು. ಅದೇ ವರ್ಷ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಕಂಪನಿ, ತಾಜಾ ಸರಕು ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲವೆಂದು ಫ್ರಾನ್ಸಿನ ತನ್ನ ಅಂಗಡಿಗಳಲ್ಲಿ ಹನ್ನೊಂದನ್ನು ಮುಚ್ಚುವುದಾಗಿ ಸಾರಿತು. ಇಂಥ ಅಡ್ಡಿಗಳು ಹಿಂದೆಯೂ ಇದ್ದವು. ವಿಟಮಿನ್ ಬೆರೆಸಿದ ಆಹಾರಕ್ಕೆ ಮೊದಲೇ ಅನುಮತಿ ಬೇಕೆಂಬ ನಿಯಮದಿಂದಾಗಿ 2011ರಲ್ಲಿ ಡೆನ್ಮಾರ್ಕಿನ ಅಂಗಡಿಗಳಿಂದ ಮಾರ್ಮೈಟ್ ಕಣ್ಮರೆಯಾಯಿತು. ಅಮೆರಿಕದಲ್ಲಿ ಕ್ಯಾಡ್‌ಬರಿ ಹೆಸರಿನ ಹಕ್ಕು ಹರ್ಷೀ ಕಂಪನಿಯದು. 2015ರಲ್ಲಿ ಆದ ಒಂದು ರಾಜಿಯ ನಂತರ ಬ್ರಿಟನ್ನಿನ ಕ್ಯಾಡ್‌ಬರಿಯನ್ನು ಅಲ್ಲಿಗೆ ತರಿಸುತ್ತಿದ್ದ ದೊಡ್ಡ ವ್ಯಾಪಾರಿಗಳು ಕೈಬಿಟ್ಟರು. ತವರಿನ ರುಚಿ ಅಂಗಡಿಯನ್ನು ನಂಬಿಕೊಂಡಾಗ ಅದಕ್ಕೆ ಇಷ್ಟು ಜನ ಯಜಮಾನರು.

ಸಭಿಕರೇ, ಈಗ ಮೂರನೆಯ ಭಾಗಕ್ಕೆ ಹೋಗೋಣ. ನನ್ನ ಮಟ್ಟಿಗೆ ಈ ಉಪನ್ಯಾಸದ ಜೀವ ಇಲ್ಲಿದೆ. ಡಬ್ಬಿ ತಲುಪದ ಕಡೆ, ಅಥವಾ ಡಬ್ಬಿಯೇ ಹುಟ್ಟಿರದ ಕಾಲದಲ್ಲಿ ಏನಾಯಿತು?

ಸ್ಪೇನಿಗೆ ಸೇರಿದ ಮೆನೋರ್ಕಾ ದ್ವೀಪವನ್ನು ಬ್ರಿಟಿಷರು ಹದಿನೆಂಟನೆಯ ಶತಮಾನದ ಬಹುಭಾಗ ಆಳಿದರು. ಮಾವೋನ್ ಬಂದರಿನಲ್ಲಿ ತಂಗುತ್ತಿದ್ದ ನಾವಿಕರಿಗೆ ತಮ್ಮೂರಿನ ಜಿನ್ ಬೇಕಾಯಿತು. ದ್ವೀಪದ ಕುಶಲಕರ್ಮಿಗಳು ಜೂನಿಪರ್ ಕಾಯಿಗಳನ್ನು ತರಿಸಿ, ದ್ರಾಕ್ಷಿಯ ಮದ್ಯಸಾರದಲ್ಲಿ ಬಟ್ಟಿ ಇಳಿಸಿ ಅದನ್ನು ತಯಾರಿಸಿಕೊಟ್ಟರು. 1802ರಲ್ಲಿ ಬ್ರಿಟಿಷರು ಕೊನೆಯ ಬಾರಿಗೆ ಹೊರಟುಹೋದರೂ ಭಟ್ಟಿ ಆರಲಿಲ್ಲ. ಇಂದು ಮಾವೋನ್ ಜಿನ್‌ಗೆ ಯುರೋಪಿನಲ್ಲಿ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಸಿಯುತದೆಯಾ ಪಟ್ಟಣದ ಸಂತ ಜಾನ್ ಹಬ್ಬದಲ್ಲಿ ಕುದುರೆಗಳ ಮೆರವಣಿಗೆಯ ನಡುವೆ ಊರವರೆಲ್ಲ ಅದನ್ನು ನಿಂಬೆಯ ಪಾನಕದೊಂದಿಗೆ ಕುಡಿಯುತ್ತಾರೆ. 1815ರಿಂದ 1864ರವರೆಗೆ ಬ್ರಿಟಿಷ್ ರಕ್ಷಣೆಯಲ್ಲಿದ್ದ ಗ್ರೀಸಿನ ಕೋರ್ಫು ದ್ವೀಪದಲ್ಲೂ ಹೀಗೆಯೇ ಶುಂಠಿಯ ಪಾನೀಯವೊಂದು ಉಳಿದಿದೆ. ಜೊತೆಗೆ ಕ್ರಿಕೆಟ್ಟೂ ಉಳಿದಿದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಪೆಟಗೋನಿಯಾದ ವೇಲ್ಸ್ ವಸಾಹತು. 1865ರಲ್ಲಿ ಮಿಮೋಸಾ ಎಂಬ ಹಡಗು ಸುಮಾರು ನೂರೈವತ್ತು ಮಂದಿ ವೆಲ್ಷ್ ಗಂಡಸರು, ಹೆಂಗಸರು, ಮಕ್ಕಳನ್ನು ಲಿವರ್‌ಪೂಲಿನಿಂದ ಹೊತ್ತು ಜುಲೈ 28ರಂದು ಅರ್ಜೆಂಟೀನಾದ ತೆಂಕಣ ಕರಾವಳಿಯನ್ನು ತಲುಪಿತು. ಇವರನ್ನು ಬ್ರಿಟಿಷರು ಎಂದು ಸರಾಗವಾಗಿ ಕರೆಯುವಂತಿಲ್ಲ; ಇಂಗ್ಲಿಷಿನ ಒತ್ತಡದಿಂದ ತಮ್ಮ ನುಡಿಯನ್ನು ಉಳಿಸಿಕೊಳ್ಳಲೆಂದೇ ಅವರು ಅಷ್ಟು ದೂರ ಹೋದದ್ದು. ಇಳಿದದ್ದು ಅಲ್ಲಿಯ ನಡುಚಳಿಗಾಲದಲ್ಲಿ. ಕುಡಿಯಲು ಸಿಹಿನೀರಿಲ್ಲ, ನೆರಳಿಗೆ ಮರವಿಲ್ಲ. ತೆವೆಲ್ಚೆ ಮೂಲನಿವಾಸಿಗಳು ಅವರಿಗೆ ಬಯಲಿನ ಬೇಟೆಯನ್ನು ಕಲಿಸಿದರು. ಮಾಂಸ ಕೊಟ್ಟು ವೆಲ್ಷರ ರೊಟ್ಟಿಯನ್ನು ಪಡೆದರು. ವಸಾಹತುಗಳ ಇತಿಹಾಸದಲ್ಲಿ ಇಂಥ ನಂಟು ಅಪರೂಪ. ಚುಬುಟ್ ನದಿಯಿಂದ ಕಾಲುವೆ ತೋಡಿದ ಮೇಲೆ ಗೋಧಿ ಬೆಳೆಯಿತು. ಆ ಗೋಧಿಯ ಹಿಟ್ಟಿಗೆ ಕಂದು ಸಕ್ಕರೆ, ಒಣಹಣ್ಣು, ಬೀಜಗಳನ್ನು ಸೇರಿಸಿ ಹೆಂಗಸರು ತಿಂಗಳುಗಟ್ಟಲೆ ಕೆಡದ ಕಪ್ಪು ಕೇಕೊಂದನ್ನು ಸುಟ್ಟರು. ವೇಲ್ಸಿನ ಹಣ್ಣಿನ ರೊಟ್ಟಿಗೆ ಅದು ನಂಟು, ಆದರೆ ವೇಲ್ಸಿನಲ್ಲಿ ಆ ಕೇಕು ಇಲ್ಲ. ಗೈಮಾನ್ ಊರಿನ ಚಹಾಮನೆಗಳಲ್ಲಿ ಇಂದಿಗೂ ಅದನ್ನು ಚಹಾದ ಜೊತೆ ಇಡುತ್ತಾರೆ. 1995ರಲ್ಲಿ ರಾಜಕುಮಾರಿ ಡಯಾನಾ ಅಲ್ಲಿಗೆ ಹೋಗಿ ಚಹಾ ಕುಡಿದದ್ದನ್ನು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸ್ಪ್ಯಾನಿಷ್ ಮಾತಾಡುವ ಅರ್ಜೆಂಟೀನಿಯನ್ನರಿಗೆ ಅದು ಈಗ ತಮ್ಮ ನಾಡಿನದೇ ಕೇಕು.

ಹೀಗೆ ಬೆರೆತ ಒಂಟಿ ವ್ಯಕ್ತಿಗಳೂ ಇದ್ದಾರೆ. ಇಂಗ್ಲಿಷ್ ಲೇಖಕಿ ಪೇಷನ್ಸ್ ಗ್ರೇ 1970ರಿಂದ ಇಟಲಿಯ ಪೂಲಿಯಾ ಪ್ರಾಂತ್ಯದ ಹಳೆಯ ತೋಟದ ಮನೆಯಲ್ಲಿ ಬಾಳಿದರು. ಹೊಲದ ಬದುವಿನಲ್ಲಿ ಬೆಳೆಯುವ ಕಾಡುಸೊಪ್ಪುಗಳನ್ನು ಗುರುತಿಸುವುದನ್ನು ಅಕ್ಕಪಕ್ಕದ ರೈತ ಹೆಂಗಸರಿಂದ ಕಲಿತು 1986ರಲ್ಲಿ ‘ಹನಿ ಫ್ರಮ್ ಎ ವೀಡ್’ ಎಂಬ ಪುಸ್ತಕ ಪ್ರಕಟಿಸಿದರು. ಬೆರಕೆ ಸೊಪ್ಪು ಕೊಯ್ಯಲು ಹೊಲ ಸುತ್ತುವ ನಮ್ಮ ಹಳೇ ಮೈಸೂರಿನ ತಾಯಂದಿರು ಆ ಪುಸ್ತಕದ ಹೆಂಗಸರನ್ನು ಕಂಡೊಡನೆ ಗುರುತು ಹಿಡಿಯುತ್ತಾರೆ.

ಹಂಬಲ ಹಿಂದುಮುಂದಾಗುವುದೂ ಉಂಟು. ಇಂಗ್ಲಿಷ್ ಲೇಖಕಿ ಎಲಿಜಬೆತ್ ಡೇವಿಡ್ ಎರಡನೆಯ ಮಹಾಯುದ್ಧದ ಕಾಲವನ್ನು ಗ್ರೀಸ್, ಈಜಿಪ್ಟುಗಳಲ್ಲಿ ಕಳೆದು, ಕೆಲಕಾಲ ಭಾರತದಲ್ಲೂ ಇದ್ದು 1946ರಲ್ಲಿ ಇಂಗ್ಲೆಂಡಿಗೆ ಮರಳಿದರು. ರೊಟ್ಟಿಗೂ ಪಡಿತರವಿದ್ದ ಕಾಲ. ಆ ಕಡುಚಳಿಗಾಲದಲ್ಲಿ ವೇಲ್ಸ್ ಗಡಿಯ ಹೋಟೆಲೊಂದರಲ್ಲಿ ಸಪ್ಪೆ ಊಟ ಉಣ್ಣುತ್ತ, ನಿಂಬೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಗಳ ನೆನಪನ್ನು ಕಾಗದಕ್ಕಿಳಿಸಿದರು. ಮೆಡಿಟರೇನಿಯನ್ ಅಡುಗೆಯ ಅವರ ಪುಸ್ತಕ 1950ರಲ್ಲಿ ಹೊರಬಂದಾಗ ಇಂಗ್ಲೆಂಡಿನ ಹಲವೆಡೆ ಆಲಿವ್ ಎಣ್ಣೆ ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ. ಸ್ವಂತ ದೇಶದಲ್ಲಿ ಕುಳಿತು ಪರದೇಶದ ಊಟಕ್ಕೆ ಮಿಡುಕಿದ ಆ ಹೆಂಗಸು ಬ್ರಿಟನ್ನಿನ ಅಡುಗೆಮನೆಯನ್ನೇ ಬದಲಾಯಿಸಿದರು.

ಕೊನೆಯದಾಗಿ ನಮ್ಮ ನೆಲಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ದಂಡು ಪ್ರದೇಶ ಸ್ಥಾಪನೆಯಾದದ್ದು 1809ರಲ್ಲಿ. ಅಲ್ಲಿಂದ ಮುಂದೆ ಈ ನಗರದಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, 1880ರ ನಂತರ ಕೋಲಾರದ ಚಿನ್ನದ ಗಣಿಗಳಲ್ಲಿ ಬ್ರಿಟಿಷ್ ಕುಟುಂಬಗಳು ತಲೆಮಾರುಗಳ ಕಾಲ ಬಾಳಿದವು. ಇವರೂ ತವರಿನ ಊಟಕ್ಕೆ ಹಂಬಲಿಸಿದರು. ಹಡಗಿನಲ್ಲಿ ಬಂದ ಡಬ್ಬಿಯ ಮೀನು, ಡಬ್ಬಿಯ ಬಟಾಣಿಯನ್ನು ಔತಣಕ್ಕೆ ಬಡಿಸುವುದು ಅವರಲ್ಲಿ ಪ್ರತಿಷ್ಠೆಯಾಗಿತ್ತು. ಮದರಾಸಿನ ಸೇನಾಧಿಕಾರಿ ಕೆನ್ನಿ ಹರ್ಬರ್ಟ್ 1878ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಈ ಡಬ್ಬಿಯ ಮೋಹವನ್ನು ಖಂಡಿಸಿ, ಇಲ್ಲಿಯ ಸಂತೆಯಲ್ಲಿ ಸಿಗುವ ತಾಜಾ ಪದಾರ್ಥಗಳಿಂದಲೇ ಒಳ್ಳೆಯ ಅಡುಗೆ ಮಾಡಬಹುದೆಂದು ವಾದಿಸಿದ. ಬೆಂಗಳೂರಿನ ತಂಪು ಹವೆಯಲ್ಲಿ ಕೋಸು, ಹೂಕೋಸು, ಬೀಟ್‌ರೂಟ್, ನವಿಲುಕೋಸು ಚೆನ್ನಾಗಿ ಬೆಳೆದವು. ‘ಇಂಗ್ಲಿಷ್ ತರಕಾರಿ’ ಎಂದು ದಂಡಿನ ಮಾರುಕಟ್ಟೆಯಲ್ಲಿ ಮಾರುತ್ತಿದ್ದುದು ಇಂದು ನಮ್ಮ ಪಲ್ಯ, ನಮ್ಮ ಸಾಗು.

ಆದರೂ ಮೆನೋರ್ಕಾ, ಪೆಟಗೋನಿಯಾಗಳ ಸಾಲಿಗೆ ಇದನ್ನು ನೇರವಾಗಿ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಗೈಮಾನಿನ ಹೆಂಗಸು ತನ್ನ ಕೇಕನ್ನು ತಾನೇ ಸುಟ್ಟಳು. ಇಲ್ಲಿ ದೊರೆಸಾನಿಯ ನೆನಪು ಒಲೆಯವರೆಗೆ ಹೋಗಲಿಲ್ಲ. ರೋಸ್ಟ್ ಬೇಯಿಸಿದವನು, ಕಾಣದ ದೇಶದ ಪುಡ್ಡಿಂಗನ್ನು ಬರೀ ವರ್ಣನೆ ಕೇಳಿ ಹದಕ್ಕೆ ತಂದವನು, ಮರಳ ಮೇಲಿಟ್ಟ ತಗಡಿನ ಪೆಟ್ಟಿಗೆಯಲ್ಲಿ ಕೆಂಡ ಹಾಕಿ ಕೇಕ್ ಸುಟ್ಟವನು ಬಂಗಲೆಯ ಬಟ್ಲರ್. ಅವನು ಕನ್ನಡಿಗನೋ, ತಮಿಳನೋ, ತೆಲುಗನೋ, ಗೋವೆಯವನೋ ಆಗಿದ್ದ. ಬ್ರಿಟಿಷರ ಹಂಬಲ ಈ ನೆಲದಲ್ಲೂ ಕೈಗೆ ಇಳಿಯಿತು, ನಿಜ. ಆದರೆ ಅದು ಇನ್ನೊಬ್ಬರ ಕೈ. ದೊರೆಗಳು ಬರೆದ ಅಡುಗೆ ಪುಸ್ತಕಗಳು ಗ್ರಂಥಾಲಯಗಳಲ್ಲಿವೆ. ಅವರಿಗೆ ತವರನ್ನು ಉಣಿಸಿದವನ ಹೆಸರು ಆ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಸಿಗುವುದು ಹೆಚ್ಚಾಗಿ ಅವನ ಕೊಳಕು, ಅವನ ಕಳ್ಳತನದ ದೂರುಗಳು. ಇದು ದೊಡ್ಡ ಅನ್ಯಾಯ.

ಆದ್ದರಿಂದ ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ, ವಿಶೇಷವಾಗಿ ಇತಿಹಾಸ ಮತ್ತು ಜಾನಪದದ ಸಂಶೋಧಕರಲ್ಲಿ ನನ್ನದೊಂದು ಕೋರಿಕೆ. ಕೊಡಗಿನ ಎಸ್ಟೇಟು ಬಂಗಲೆಗಳಲ್ಲಿ, ಕೆಜಿಎಫ್‌ನ ಗಣಿ ಬಡಾವಣೆಗಳಲ್ಲಿ, ಬೆಂಗಳೂರಿನ ಫ್ರೇಜರ್ ಟೌನ್, ಕಾಕ್ಸ್ ಟೌನ್‌ಗಳಲ್ಲಿ ಆ ಅಡುಗೆಯವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಇದ್ದಾರೆ. ಅವರ ಮನೆಗಳಿಗೆ ಹೋಗಿ. ಹಿರಿಯರು ಏನು ಅಡುಗೆ ಮಾಡುತ್ತಿದ್ದರು, ಯಾರಿಂದ ಕಲಿತರು, ಸಂಬಳ ಎಷ್ಟಿತ್ತು, ಉಳಿದದ್ದನ್ನು ಮನೆಗೆ ತರುತ್ತಿದ್ದರೇ, ಆ ಅಡುಗೆಯಲ್ಲಿ ಯಾವುದು ತಮ್ಮ ಮನೆಯ ಹಬ್ಬಕ್ಕೂ ಬಂತು ಎಂದು ಕೇಳಿ ಬರೆದುಕೊಳ್ಳಿ. ಅವರ ಹೆಸರುಗಳನ್ನು ಬರೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಈ ಕೆಲಸಕ್ಕೆ ಇನ್ನು ಹತ್ತು ವರ್ಷ ಕಾಯುವಂತಿಲ್ಲ.